ಹುಕುಂ ಹೇಳುವಾಗ ಭಿನ್ನಾಭಿಪ್ರಾಯವನ್ನೂ ಹೇಳಿ: ನಮ್ಮ ಉಲಮಾಗಳಿಗೊಂದು ಬಹಿರಂಗ ಪತ್ರ

ಕರಾವಳಿಯ ಮತ್ತು ಕರ್ನಾಟಕದ ಎಲ್ಲ ಕಡೆಯ ಖಾಝಿಗಳಿಗೆ, ಮುಫ್ತಿಗಳಿಗೆ, ಜುಮಾ ಮಸೀದಿಗಳ ಖತೀಬರಿಗೆ, ದರ್ಸ್ ನಡೆಸುವ ಉಸ್ತಾದರಿಗೆ,

ಅಸ್ಸಲಾಮು ಅಲೈಕುಂ.

ನಾನು ಆಲಿಮ್ (ಧರ್ಮ ವಿದ್ವಾಂಸ) ಅಲ್ಲ. ಜುಮಾಕ್ಕೆ ಬಂದು ಸಫ್‌ನಲ್ಲಿ ಕೂತು ಖುತ್ಬಾ ಕೇಳುವವರಲ್ಲಿ ಒಬ್ಬ. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕಲಿತದ್ದು, ಆಮೇಲೆ ಆಸಕ್ತಿಯಿಂದ ಓದಿಕೊಂಡದ್ದು, ಇಷ್ಟೇ ನನ್ನ ಬಂಡವಾಳ. ನಿಮಗೆ ದೀನ್ ಕಲಿಸುವ ಯೋಗ್ಯತೆ ನನಗಿಲ್ಲ, ಆ ಉದ್ದೇಶವೂ ಇಲ್ಲ. ಒಂದು ಬೇಡಿಕೆ ಇದೆ. ಅದು ನನ್ನೊಬ್ಬನದಲ್ಲ ಅನ್ನಿಸಿದ್ದರಿಂದ ಎಲ್ಲರ ಮುಂದೆ ಇಡುತ್ತಿದ್ದೇನೆ.

ಒಂದು ಆಚರಣೆಯ ಬಗ್ಗೆ, ಒಂದು ದಿನನಿತ್ಯದ ಅಭ್ಯಾಸದ ಬಗ್ಗೆ ದೊಡ್ಡ ದೊಡ್ಡ ವಿದ್ವಾಂಸರಲ್ಲೇ ನೂರಾರು ವರ್ಷಗಳಿಂದ ಎರಡು ಅಭಿಪ್ರಾಯ ಇದ್ದರೆ, ಹುಕುಂ (ಧರ್ಮದ ವಿಧಿ) ಹೇಳುವಾಗ ಅದನ್ನೂ ನಮಗೆ ಹೇಳಿ. ನಿಮ್ಮ ಅಭಿಪ್ರಾಯ ಯಾವುದು, ಯಾಕೆ ಅಂತ ಗಟ್ಟಿಯಾಗಿಯೇ ಹೇಳಿ. ಜೊತೆಗೆ ಇನ್ನೊಂದು ಕಡೆಯ ಉಲಮಾ ಏನು ಹೇಳಿದ್ದಾರೆ ಅಂತಲೂ ತಿಳಿಸಿ. ಇಖ್ತಿಲಾಫ್ (ಭಿನ್ನಾಭಿಪ್ರಾಯ) ಇರುವ ಜಾಗದಲ್ಲಿ ಇಖ್ತಿಲಾಫ್ ಇದೆ ಅನ್ನುವುದೇ ನಮಗೆ ಗೊತ್ತಿಲ್ಲದ ಹಾಗೆ ಮಾಡಬೇಡಿ.

ಯಾಕೆ ಈ ಮಾತು ಅಂದರೆ, ಈಗ ಹುಕುಂ ನಮಗೆ ಹೆಚ್ಚಾಗಿ ವಾಟ್ಸಾಪಿನಲ್ಲಿ ಬರುತ್ತದೆ. ಒಂದು ಗಂಟೆಯ ಭಾಷಣದಿಂದ ಕತ್ತರಿಸಿದ ಅರ್ಧ ನಿಮಿಷದ ತುಣುಕು. ಒಂದರಲ್ಲಿ ಮೌಲೂದ್ (ಪ್ರವಾದಿಯವರ ಜನನದ ಸ್ತುತಿ ಕಥನ) ಓದುವವರು ದಾರಿ ತಪ್ಪಿದವರು. ಇನ್ನೊಂದರಲ್ಲಿ ಮೌಲೂದ್ ಬೇಡ ಅನ್ನುವವರಿಗೆ ಪ್ರವಾದಿ(ಸ)ಯವರ ಮೇಲೆ ಪ್ರೀತಿಯೇ ಇಲ್ಲ. ಎರಡನ್ನೂ ಒಂದೇ ಕುಟುಂಬದ ಇಬ್ಬರು ಹಂಚಿಕೊಳ್ಳುತ್ತಾರೆ. ನನ್ನ ಬಂಧುಗಳ ಪೈಕಿ ಒಂದು ಮನೆಯಲ್ಲಿ, ತಮ್ಮ ಹೊಸ ಮನೆಗೆ ಮೌಲೂದ್ ಇಟ್ಟುಕೊಂಡ ಅಂತ ಅಣ್ಣ ಬರಲಿಲ್ಲ. ಆಮೇಲೆ ಅಣ್ಣನ ಮಗಳ ನಿಕಾಹ್‌ಗೆ ತಮ್ಮ ಹೋಗಲಿಲ್ಲ. ಇಬ್ಬರೂ ಐದು ಹೊತ್ತು ನಮಾಝ್ ಮಾಡುವವರೇ. ಇಬ್ಬರೂ ತಮ್ಮ ತಮ್ಮ ಉಸ್ತಾದರ ಮಾತು ನಂಬಿದವರೇ. ಅವರ ತಾಯಿ ಮಾತ್ರ ಯಾರ ಮನೆಯಲ್ಲಿ ಊಟ ಮಾಡಿದರೂ ಇನ್ನೊಬ್ಬನಿಗೆ ಉತ್ತರ ಕೊಡಬೇಕಾಗಿದೆ.

ಮೌಲೂದ್ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆ ಜಗಳ ಜಾಸ್ತಿ ಆಗುವುದು ಇದರ ಮೇಲೇ ಅಲ್ವಾ? ಈಗಿನ ರೂಪದ ಮೌಲೂದ್ ಪ್ರವಾದಿ(ಸ)ಯವರ ಕಾಲದಲ್ಲೂ ಸಹಾಬಿಗಳ (ಅವರ ಸಂಗಾತಿಗಳ) ಕಾಲದಲ್ಲೂ ಇರಲಿಲ್ಲ. ಇದನ್ನು ಎರಡೂ ಕಡೆಯವರು ಒಪ್ಪುತ್ತಾರೆ. 13ನೇ ಶತಮಾನದ ಆರಂಭದಲ್ಲಿ ಇರಾಕಿನ ಇರ್ಬಿಲ್‌ನ ದೊರೆ ಮುಝಫ್ಫರುದ್ದೀನ್ ಅದನ್ನು ಬಹಳ ದೊಡ್ಡದಾಗಿ ನಡೆಸುತ್ತಿದ್ದ. ಮುಂದಿನ ಶತಮಾನದಲ್ಲಿ ಈಜಿಪ್ಟಿನ ಮಾಲಿಕಿ ಪಂಥದ ವಿದ್ವಾಂಸ ತಾಜುದ್ದೀನ್ ಅಲ್‌ಫಾಕಿಹಾನಿ ಇದಕ್ಕೆ ಕುರ್‌ಆನಿನಲ್ಲಾಗಲಿ ಸುನ್ನತ್‌ನಲ್ಲಾಗಲಿ ಆಧಾರ ಇಲ್ಲ, ಇದು ಬಿದ್‌ಅತ್ (ಧರ್ಮದಲ್ಲಿ ಹೊಸದಾಗಿ ಬಂದದ್ದು) ಎಂದು ಬರೆದರು. 1505ರಲ್ಲಿ ತೀರಿಕೊಂಡ ಕೈರೋದ ಜಲಾಲುದ್ದೀನ್ ಸುಯೂತಿ ಅದನ್ನು ಒಪ್ಪಲಿಲ್ಲ. ಜನ ಸೇರುವುದು, ಕುರ್‌ಆನ್ ಓದುವುದು, ಪ್ರವಾದಿ(ಸ)ಯವರ ಜನನದ ಕಥನ ಹೇಳುವುದು, ಬಂದವರಿಗೆ ಊಟ ಹಾಕುವುದು, ಇಷ್ಟೇ ಆದರೆ ಅದು ಒಳ್ಳೆಯ ರೂಢಿ, ಮಾಡಿದವರಿಗೆ ಪುಣ್ಯವಿದೆ ಎಂದರು.

ಸುಯೂತಿ ಅದನ್ನು ಬರೆದ ರೀತಿ ನೋಡಿ. ಫಾಕಿಹಾನಿಯವರ ಬರಹವನ್ನು ತಮ್ಮ ಪುಟ್ಟ ಗ್ರಂಥದೊಳಗೇ ಎತ್ತಿ ಬರೆದರು. ಆಮೇಲೆ ಒಂದೊಂದೇ ಮಾತಿಗೆ ಉತ್ತರ ಕೊಟ್ಟರು. ಓದುವವನ ಕೈಯಲ್ಲಿ ಎರಡೂ ವಾದ ಇರುತ್ತದೆ. ಎದುರು ಪಕ್ಷದವರನ್ನು ಬೈಯುವುದಕ್ಕೆ ಮೊದಲು ಅವರ ಮಾತನ್ನು ಪೂರ್ತಿ ಕೇಳಿಸುವ ಈ ಪದ್ಧತಿ ನಮ್ಮದೇ ಪರಂಪರೆಯದು. ಇವತ್ತು ನಮ್ಮ ವೇದಿಕೆಗಳಲ್ಲಿ ನನಗೆ ಅದು ಕಾಣುತ್ತಿಲ್ಲ.

ಮೌಲೂದ್ ವಿರೋಧಿಸುವವರು ಹೆಚ್ಚಾಗಿ ಹೆಸರು ಹೇಳುವ ಇಬ್ನು ತೈಮಿಯ್ಯ ಕೂಡ ಏನಂದಿದ್ದಾರೆ? ಹಿಂದಿನವರು ಇದನ್ನು ಮಾಡಲಿಲ್ಲ, ಇದು ಸರಿಯಾದ ರೂಢಿಯಲ್ಲ ಎಂದಿದ್ದಾರೆ. ಆದರೂ ಪ್ರವಾದಿ(ಸ)ಯವರ ಮೇಲಿನ ಪ್ರೀತಿಯಿಂದ, ಗೌರವದಿಂದ ಮಾಡುವವರಿಗೆ ಆ ನಿಯ್ಯತ್‌ಗಾಗಿ ದೊಡ್ಡ ಪ್ರತಿಫಲ ಸಿಗಬಹುದು ಎಂದೂ ಹೇಳಿದ್ದಾರೆ. ಈ ಎರಡನೇ ಮಾತು ನಮ್ಮ ಊರಿನ ಭಾಷಣದಲ್ಲಿ ಬರುವುದಿಲ್ಲ. ಬಂದಿದ್ದರೆ ಆ ಅಣ್ಣ ಮೌಲೂದ್‌ನಲ್ಲಿ ಕೂರದೆಯೂ ತಮ್ಮನ ಮನೆಗೆ ಹೋಗಿ ಊಟ ಮಾಡಿ ಬರಬಹುದಿತ್ತು.

ಇನ್ನೊಂದು ಕಡೆಯವರಿಗೂ ಅಷ್ಟೇ. ಕೇರಳದ ಪೊನ್ನಾನಿಯಲ್ಲಿ ಸಾಂಕ್ರಾಮಿಕ ರೋಗ ಬಂದಾಗ ಅಲ್ಲಿನ ವಿದ್ವಾಂಸ ಮೊದಲನೇ ಝೈನುದ್ದೀನ್ ಮಖ್ದೂಮರು ಮನ್‌ಖೂಸ್ ಮೌಲೂದ್ ರಚಿಸಿದರು ಅನ್ನುವ ನಂಬಿಕೆ ಇದೆ. ಮಲಬಾರಿನಿಂದ ನಮ್ಮ ಕರಾವಳಿಯವರೆಗೆ ಅದನ್ನು ಮನೆಮನೆಯಲ್ಲಿ ಓದುತ್ತಾರೆ. ನನ್ನ ಅಜ್ಜಿಗೆ ಅದರ ಸಾಲುಗಳು ಬಾಯಿಪಾಠ ಇದ್ದವು. ಆ ಪ್ರೀತಿ ನನಗೆ ಚೆನ್ನಾಗಿ ಗೊತ್ತು. ಆದರೆ ಓದದವನನ್ನು ಪ್ರವಾದಿಯ ವೈರಿ ಅನ್ನಲು ಯಾವ ಕಿತಾಬಿನಲ್ಲಿ ಆಧಾರ ಇದೆ? ಹೆಚ್ಚೆಂದರೆ ಸುನ್ನತ್‌ಗೆ ಸಮೀಪದ ಒಂದು ಒಳ್ಳೆಯ ಕೆಲಸ ಬಿಟ್ಟಿದ್ದಾನೆ ಅನ್ನಬಹುದು, ಅದೂ ನಿಮ್ಮ ಲೆಕ್ಕದಲ್ಲಿ.

ಬಿದ್‌ಅತ್ ಅಂದರೆ ಏನು ಅನ್ನುವುದರಲ್ಲೇ ಎರಡು ದಾರಿ ಇವೆ ಅನ್ನುವುದನ್ನೂ ನಮಗೆ ಹೇಳುವುದಿಲ್ಲ. ಖಲೀಫ ಉಮರ್(ರ) ತರಾವೀಹ್‌ಗೆ (ರಂಝಾನಿನ ರಾತ್ರಿ ನಮಾಝ್) ಜನರನ್ನು ಒಬ್ಬ ಇಮಾಮರ ಹಿಂದೆ ಸೇರಿಸಿದರು. ಅದನ್ನು ನೋಡಿ, ಇದು ಎಷ್ಟು ಒಳ್ಳೆಯ ಬಿದ್‌ಅತ್ ಅಂದರು ಎಂದು ಬುಖಾರಿ ಹದೀಸ್ (ಪ್ರವಾದಿಯವರ ನುಡಿ, ನಡೆಯ ವರದಿ) ಸಂಗ್ರಹದಲ್ಲಿದೆ. 1262ರಲ್ಲಿ ತೀರಿಕೊಂಡ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದುಸ್ಸಲಾಮ್ ಹೊಸ ಸಂಗತಿಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಕುರ್‌ಆನ್ ಅರ್ಥವಾಗಲು ಅರಬಿ ವ್ಯಾಕರಣ ಕಲಿಯುವಂಥದ್ದು ಕಡ್ಡಾಯವಾದ ಹೊಸತು. ಮದ್ರಸ ಕಟ್ಟುವಂಥದ್ದು ಪುಣ್ಯದ ಹೊಸತು. ಹರಾಮ್ (ನಿಷಿದ್ಧ) ಆದದ್ದು, ಮಕ್ರೂಹ್ (ಮಾಡದಿದ್ದರೆ ಒಳ್ಳೆಯದು) ಆದದ್ದು, ಸುಮ್ನೆ ಅನುಮತಿ ಇರುವಂಥದ್ದು ಬೇರೆ. 1388ರಲ್ಲಿ ತೀರಿಕೊಂಡ ಗ್ರಾನಡಾದ ಶಾತಿಬಿ ಈ ವಿಂಗಡಣೆಯನ್ನೇ ಒಪ್ಪಲಿಲ್ಲ. ಧರ್ಮದೊಳಗೆ ಹೊಸದಾಗಿ ಸೇರಿಸಿದ್ದೆಲ್ಲ ಕೆಟ್ಟದ್ದೇ, ಉಳಿದದ್ದನ್ನು ಬಿದ್‌ಅತ್ ಅನ್ನುವುದೇ ತಪ್ಪು ಎಂದರು. ಇಬ್ಬರೂ ದೊಡ್ಡವರು. ನಮ್ಮ ಕರಾವಳಿಯ ಸುನ್ನಿ (ಮೌಲೂದ್ ಒಪ್ಪುವವರು), ಸಲಫಿ (ಒಪ್ಪದವರು) ಜಗಳದ ಅರ್ಧ ಭಾಗ ಈ ಇಬ್ಬರ ನಡುವಿನ ಚರ್ಚೆಯೇ. ಅದನ್ನು ಹೀಗೆ ಬಿಡಿಸಿ ಹೇಳಿದರೆ ಹತ್ತನೇ ಕ್ಲಾಸಿನ ಹುಡುಗನಿಗೂ ಅರ್ಥವಾಗುತ್ತದೆ.

ದಿನನಿತ್ಯದ ಅಭ್ಯಾಸಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಚರಿತ್ರೆ ಇನ್ನೂ ಚೆನ್ನಾಗಿ ಕಲಿಸುತ್ತದೆ.

ನಾವು ಬೆಳಿಗ್ಗೆ ಎದ್ದು ಕುಡಿಯುವ ಕಾಫಿ ಒಂದು ಕಾಲಕ್ಕೆ ಮಕ್ಕಾದಲ್ಲಿ ಹರಾಮ್ ಆಗಿತ್ತು. 1511ರಲ್ಲಿ ಮಮ್ಲೂಕ್ ಸುಲ್ತಾನರ ಪರವಾಗಿ ಅಲ್ಲಿ ಅಧಿಕಾರಿಯಾಗಿದ್ದ ಖಾಯಿರ್ ಬೇಗ್ ಉಲಮಾಗಳ ಸಭೆ ಕರೆದ. ಇಬ್ಬರು ವೈದ್ಯರು ಬಂದು ಕಾಫಿ ದೇಹಕ್ಕೆ ಕೆಟ್ಟದ್ದು ಎಂದು ಸಾಕ್ಷಿ ಹೇಳಿದರು. ಕಾಫಿ ನಿಷೇಧವಾಯಿತು. ಬೀದಿಯಲ್ಲಿ ಕಾಫಿ ಸುಟ್ಟರು, ಮಾರಿದವರಿಗೆ ಏಟು ಬಿತ್ತು. ಆದರೆ ಸುಲ್ತಾನರ ರಾಜಧಾನಿ ಕೈರೋದಿಂದ ಬಂದ ಆಜ್ಞೆ ಅಷ್ಟು ಬಿಗಿಯಾಗಿರಲಿಲ್ಲ. ಕಾಫಿಯ ಹೆಸರಲ್ಲಿ ಗುಂಪು ಸೇರಿ ಕೆಟ್ಟ ಕೆಲಸ ಮಾಡಬಾರದು ಅನ್ನುವಷ್ಟೇ ಅದರಲ್ಲಿತ್ತು. ಮುಂದಿನ ವರ್ಷ ಖಾಯಿರ್ ಬೇಗ್ ಹುದ್ದೆಯನ್ನೇ ಕಳೆದುಕೊಂಡ. ಇತ್ತ ಯಮನಿನ ಸೂಫಿಗಳು ರಾತ್ರಿ ದ್ಸಿಕ್ರ್‌ಗೆ (ದೇವನಾಮ ಸ್ಮರಣೆ) ಎಚ್ಚರವಾಗಿರಲು ಅದೇ ಕಾಫಿ ಕುಡಿಯುತ್ತಿದ್ದರು. ಆ ಯಮನಿನಿಂದಲೇ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಅನ್ನುವ ಪ್ರತೀತಿ ನಮ್ಮ ನಾಡಿನಲ್ಲಿದೆ. ಮಕ್ಕಾದ ಆ ಸಭೆಯ ತೀರ್ಮಾನವೇ ಕೊನೆಯ ಮಾತಾಗಿದ್ದರೆ ಕೊಡಗು, ಮಲೆನಾಡಿನ ಬದುಕೇ ಬೇರೆ ಇರುತ್ತಿತ್ತು.

ಹೊಗೆಸೊಪ್ಪಿನ ಕಥೆ ಇದಕ್ಕೆ ಉಲ್ಟಾ. 1600ರ ಸುಮಾರಿಗೆ ಅದು ಉಸ್ಮಾನಿ (ಆಟೊಮನ್) ಸಾಮ್ರಾಜ್ಯಕ್ಕೆ ಬಂತು. ಕೈರೋದ ಇಬ್ರಾಹೀಮ್ ಅಲ್‌ಲಖಾನಿ ಅದರ ವಿರುದ್ಧ ಬರೆದರು. ಡಮಾಸ್ಕಸ್‌ನ ಅಬ್ದುಲ್ ಗನಿ ಅನ್ನಾಬುಲುಸಿ ಅದು ಅನುಮತಿ ಇರುವ ವಸ್ತು, ಹರಾಮ್ ಅನ್ನಲು ಪುರಾವೆ ಇಲ್ಲ ಎಂದು ಬರೆದರು. 1633ರಲ್ಲಿ ಸುಲ್ತಾನ್ ನಾಲ್ಕನೇ ಮುರಾದ್ ನಿಷೇಧ ಹೇರಿ, ಸೇದಿದವರಿಗೆ ಮರಣದಂಡನೆಯನ್ನೂ ಕೊಟ್ಟ. ಆಗ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇಂದು ಗೊತ್ತಿದೆ. ಹಾಗಾಗಿ 1995ರಲ್ಲಿ ಮಲೇಷ್ಯಾದ ರಾಷ್ಟ್ರೀಯ ಫತ್ವಾ ಮಂಡಳಿ ಧೂಮಪಾನ ಹರಾಮ್ ಎಂದಿತು. 2010ರಲ್ಲಿ ಇಂಡೋನೇಷ್ಯಾದ ಮುಹಮ್ಮದಿಯಾ ಸಂಘಟನೆಯೂ ಹಾಗೇ ಹೇಳಿತು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಅದೇ ಇಂಡೋನೇಷ್ಯಾದ ಉಲಮಾ ಮಂಡಳಿ 2009ರಲ್ಲಿ ಕೊಟ್ಟ ತೀರ್ಮಾನ. ಮಕ್ಕಳಿಗೆ, ಗರ್ಭಿಣಿಯರಿಗೆ, ಸಾರ್ವಜನಿಕ ಜಾಗದಲ್ಲಿ ಸೇದುವವರಿಗೆ ಹರಾಮ್ ಎಂದು ಸ್ಪಷ್ಟವಾಗಿ ಹೇಳಿದರು. ಉಳಿದ ಸಂದರ್ಭದಲ್ಲಿ ಮಕ್ರೂಹೋ ಹರಾಮೋ ಅನ್ನುವುದರಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯ ಇದೆ ಎಂದು ಫತ್ವಾದಲ್ಲೇ ಬರೆದರು. ಹಾಗೆ ಬರೆದದ್ದರಿಂದ ಮಂಡಳಿಯ ಗೌರವ ಕಡಿಮೆಯಾಯಿತು ಅಂತ ನನಗಂತೂ ಅನ್ನಿಸುವುದಿಲ್ಲ. ನನ್ನ ಮಟ್ಟಿಗೆ ಅದು ಹೆಚ್ಚಾಗಿದೆ.

ಇದನ್ನು ನಮ್ಮ ದಕ್ಷಿಣ ಕನ್ನಡಕ್ಕೆ ತಂದು ನೋಡಿ. ಇಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟು ಜನ! ಎಲ್ಲ ಜಾತಿ ಧರ್ಮದವರೂ ಇದ್ದಾರೆ, ನಮ್ಮ ಬ್ಯಾರಿ ಹೆಂಗಸರೂ ತುಂಬ ಇದ್ದಾರೆ. ಗಂಡ ತೀರಿಕೊಂಡವಳು, ಗಂಡ ಬಿಟ್ಟುಹೋದವಳು ಮನೆಯ ಜಗಲಿಯಲ್ಲಿ ಕೂತು ಎಲೆ ಕತ್ತರಿಸಿ, ತಂಬಾಕು ತುಂಬಿ, ನೂಲು ಸುತ್ತಿ ಸಂಸಾರ ಎಳೆದಿದ್ದಾಳೆ. ಸೇದುವುದು ಹರಾಮ್ ಆದರೆ ಕಟ್ಟಿದ ದುಡ್ಡು? ಹರಾಮಿಗೆ ನೆರವಾಗುವ ದುಡಿಮೆಯೂ ಹರಾಮ್ ಎಂದು ಕಿತಾಬಿನ ಒಂದು ಸಾಲು ಓದಿ ಹೇಳಿಬಿಡಬಹುದು. ಆ ದುಡಿಮೆ ಬಿಟ್ಟರೆ ಅವಳ ಒಲೆ ಹೇಗೆ ಉರಿಯಬೇಕು, ಝಕಾತ್ ನಿಧಿಯಿಂದ ಅವಳಿಗೆ ಎಷ್ಟು ಹೋಗುತ್ತದೆ, ಇನ್ಯಾವ ಕೆಲಸ ಅವಳ ಕೈಗೆ ಸಿಗುತ್ತದೆ ಅಂತ ಕೇಳಿದ ಮೇಲೆ ಹುಕುಂ ಹೇಳುವವರು ನಮಗೆ ಬೇಕು. ಧೂಮಪಾನ ಕೆಟ್ಟದ್ದು ಅನ್ನುವುದರಲ್ಲಿ ನನಗೆ ಸ್ವಲ್ಪವೂ ಅನುಮಾನ ಇಲ್ಲ. ಖತೀಬರು ಮಿಂಬರ್ ಹತ್ತಿ ಅದನ್ನು ಇನ್ನೂ ಜೋರಾಗಿ ಹೇಳಲಿ. ಆದರೆ ಸೇದುವ ಗಂಡಸಿಗೆ ಮಕ್ರೂಹ್ ಅಂತ ವಿನಾಯಿತಿ ಕೊಟ್ಟು, ಕಟ್ಟುವ ಹೆಂಗಸಿನ ದುಡಿಮೆಗೆ ಮಾತ್ರ ಹರಾಮಿನ ಮುದ್ರೆ ಒತ್ತುವುದು ನ್ಯಾಯವಲ್ಲ.

ಹುಕುಂ ಹೇಳುವ ಮೊದಲು ಎದುರಿಗಿರುವ ಮನುಷ್ಯನ ಸ್ಥಿತಿ ಕೇಳಬೇಕು ಅನ್ನುವುದು ನಾನು ಕಟ್ಟಿದ ಮಾತಲ್ಲ. ಅಬೂದಾವೂದ್‌ನ ಆ ಹದೀಸ್ ನಿಮಗೆ ಗೊತ್ತೇ ಇದೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಗಾಯವಾಗಿತ್ತು. ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ (ನೀರಿನ ಬದಲು ಮಣ್ಣಿನಿಂದ ಶುದ್ಧಿ) ಮಾಡಬಹುದೇ ಅಂತ ಜೊತೆಗಿದ್ದವರನ್ನು ಕೇಳಿದರು. ನೀರು ಇರುವಾಗ ನಿನಗೆ ಆ ವಿನಾಯಿತಿ ಇಲ್ಲ ಅಂದರು. ಆ ಗಾಯಾಳು ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ಕೇಳಿದ ಪ್ರವಾದಿ(ಸ), ಅವರೇ ಅವನನ್ನು ಕೊಂದರು ಎಂದರು. ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ ಎಂದರು. ಆ ಕೋಪವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 13ನೇ ಶತಮಾನದ ಮಾಲಿಕಿ ವಿದ್ವಾಂಸ ಖರಾಫಿ ಕೂಡ ಇದೇ ಜಾಡಿನಲ್ಲಿ ಹೇಳಿದರು: ಬೇರೆ ಊರಿನವನು ಬಂದು ಕೇಳಿದರೆ ನಿನ್ನ ಊರಿನ ರೂಢಿಯ ಮೇಲೆ ಉತ್ತರ ಕೊಡಬೇಡ, ಅವನ ಊರಿನ ರೂಢಿ ಏನೆಂದು ಕೇಳಿ ಅದರ ಮೇಲೆ ಉತ್ತರ ಕೊಡು. ವಾಟ್ಸಾಪಿನಲ್ಲಿ ಬರುವ ಫತ್ವಾ ಯಾರಿಗೂ ಏನನ್ನೂ ಕೇಳುವುದಿಲ್ಲ. ಬೇರೆ ರಾಜ್ಯದ, ಬೇರೆ ದೇಶದ ಯಾರೋ ಕೇಳಿದ ಪ್ರಶ್ನೆಗೆ ಯಾರೋ ಕೊಟ್ಟ ಉತ್ತರ ಅದು. ಅದನ್ನು ನಮ್ಮ ಜಮಾಅತ್‌ನ ನೋಟಿಸ್ ಬೋರ್ಡಿಗೆ ಅಂಟಿಸುವ ಮೊದಲು ನೀವು ಒಮ್ಮೆ ತಡೆಯಬೇಕು.

ಕರ್ನಾಟಕದಲ್ಲಿ ಇಖ್ತಿಲಾಫ್ ಹೊಸ ಸಂಗತಿಯೂ ಅಲ್ಲ. ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪಂಥದವರು. ಬೀದರ್, ಕಲಬುರಗಿ, ಹುಬ್ಬಳ್ಳಿ, ಮೈಸೂರು ಕಡೆ ಬಹುತೇಕ ಹನಫಿ. ಸಿಗಡಿ ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ವಿಷಯವೇ ಅಲ್ಲ. ಹನಫಿಯಲ್ಲಿ ಸಮುದ್ರದ ಜೀವಿಗಳ ಪೈಕಿ ಮೀನು ಮಾತ್ರ ಹಲಾಲ್. ಹಾಗಾಗಿ ಸಿಗಡಿ ಮೀನೋ ಅಲ್ಲವೋ ಅಂತ ಅವರ ಉಲಮಾಗಳಲ್ಲಿ ದೊಡ್ಡ ಚರ್ಚೆ ನಡೆದಿದೆ. ಏಡಿಯ ಬಗ್ಗೆಯಂತೂ ಶಾಫಿಈಗಳಲ್ಲೇ ಮಾತುಕತೆ ಇದೆ. ಹೆಂಡತಿಯ ಕೈ ತಾಗಿದರೆ ಶಾಫಿಈಯ ವುಝೂ (ನಮಾಝ್‌ಗೆ ಮುನ್ನ ಕೈಕಾಲು ತೊಳೆದ ಶುದ್ಧಿ) ಮುರಿಯುತ್ತದೆ, ಹನಫಿಯದು ಮುರಿಯುವುದಿಲ್ಲ. ಹಜ್ಜ್‌ನ ತವಾಫ್‌ನ ನೂಕುನುಗ್ಗಲಿನಲ್ಲಿ ನಮ್ಮವರು ಎಷ್ಟೋ ಮಂದಿ ಹನಫಿ ಅಭಿಪ್ರಾಯವನ್ನು ಹಿಡಿಯುತ್ತಾರೆ, ನೀವೇ ಅವರಿಗೆ ಹಾಗೆ ಹೇಳಿ ಕಳಿಸುತ್ತೀರಿ. ಕರಾವಳಿಯವರು ಕೇರಳದಲ್ಲಿ ಚಂದ್ರ ಕಂಡರೆ ಪೆರ್ನಾಲ್ ಮಾಡುತ್ತಾರೆ, ಬೆಂಗಳೂರಿನಲ್ಲಿ ಎಷ್ಟೋ ಸಲ ಈದ್ ಮಾರನೇ ದಿನ. ಇದರಿಂದ ಯಾರ ಈಮಾನೂ ಹೋಗಲಿಲ್ಲ. ಬೆಂಗಳೂರಿನ ನೆಂಟರು ಒಂದು ದಿನ ತಡವಾಗಿ ಫೋನ್ ಮಾಡಿ ಈದ್ ಮುಬಾರಕ್ ಹೇಳುತ್ತಾರೆ, ಅಷ್ಟೇ. ಸಿಗಡಿಯಲ್ಲಿ, ಚಂದ್ರದಲ್ಲಿ ಇಷ್ಟು ಸಲೀಸಾಗಿ ಬಾಳಿದ ನಮಗೆ ಮೌಲೂದ್‌ನಲ್ಲಿ, ಕುನೂತ್‌ನಲ್ಲಿ (ನಮಾಝ್‌ನೊಳಗಿನ ಒಂದು ಪ್ರಾರ್ಥನೆ), ತರಾವೀಹ್ 8 ರಕಅತೋ (ನಮಾಝ್‌ನ ಸುತ್ತು) 20 ರಕಅತೋ ಅನ್ನುವುದರಲ್ಲಿ ಯಾಕೆ ಆಗುತ್ತಿಲ್ಲ?

ಬನೂ ಖುರೈಝಾ ಎಂಬ ಗೋತ್ರದ ಕಡೆ ಹೊರಟ ಸಹಾಬಿಗಳಿಗೆ, ಅಲ್ಲಿಗೆ ತಲುಪಿಯೇ ಅಸ್ರ್ (ಇಳಿಹಗಲಿನ) ನಮಾಝ್ ಮಾಡಿ ಎಂದು ಪ್ರವಾದಿ(ಸ) ಹೇಳಿದ್ದರು. ದಾರಿಯಲ್ಲೇ ಸಮಯವಾಯಿತು. ಕೆಲವರು ದಾರಿಯಲ್ಲೇ ಮಾಡಿದರು, ಬೇಗ ಹೋಗಿ ಅನ್ನುವುದೇ ಆ ಮಾತಿನ ಉದ್ದೇಶ ಎಂದರು. ಕೆಲವರು ಅಕ್ಷರಶಃ ಪಾಲಿಸಿ ಅಲ್ಲಿಗೆ ಮುಟ್ಟಿದ ಮೇಲೆ ಮಾಡಿದರು. ಪ್ರವಾದಿ(ಸ) ಯಾರನ್ನೂ ಬೈಯಲಿಲ್ಲ. ಇದನ್ನು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ದೊಡ್ಡವರ ಜಗಳದಲ್ಲಿ ಮಾತ್ರ ಅದು ನೆನಪಿಗೆ ಬರುವುದಿಲ್ಲ.

ಹೆಂಗಸರು ಮಸೀದಿಗೆ ಬರುವ ವಿಷಯವೂ ಇಂಥದ್ದೇ. ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿ ಅನ್ನುವ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನಂತರದ ಕಾಲದ ಅನೇಕ ವಿದ್ವಾಂಸರು, ಮುಖ್ಯವಾಗಿ ಹನಫಿಗಳು, ಕಾಲ ಕೆಟ್ಟಿದೆ ಎಂದು ಬೇಡ ಎಂದರು. 2020ರ ಜನವರಿಯಲ್ಲಿ ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ಹೆಂಗಸರು ನಮಾಝ್‌ಗೆ ಮಸೀದಿಗೆ ಬರಲು ಅನುಮತಿ ಇದೆ, ಕಡ್ಡಾಯ ಮಾತ್ರ ಅಲ್ಲ ಎಂದಿತು. ಈ ಮೂರೂ ಸಂಗತಿ ನಮ್ಮ ತಂಗಿಯರಿಗೆ, ಮಗಳಂದಿರಿಗೆ ಗೊತ್ತಿರಬೇಕು. ದೂರದ ಊರಿಗೆ ಹೋಗುವಾಗ ದಾರಿಯಲ್ಲಿ ಮಗ್ರಿಬ್ ಆದರೆ ಗಂಡಸು ಮಸೀದಿಗೆ ಹೋಗುತ್ತಾನೆ, ಹೆಂಗಸು ಕಾರಿನಲ್ಲಿ ಕೂತು ನಮಾಝ್ ತಪ್ಪಿಸಿಕೊಳ್ಳುತ್ತಾಳೆ. ಅನೇಕ ಮಸೀದಿಗಳಲ್ಲಿ ಈಗ ಪ್ರಯಾಣಿಕ ಹೆಂಗಸರಿಗೆ ಪ್ರತ್ಯೇಕ ಜಾಗ ಮಾಡಿದ್ದಾರೆ. ಅವರಿಗೆ ಅಲ್ಲಾಹು ಒಳ್ಳೆಯದು ಮಾಡಲಿ.

ಇನ್ನು ಇಖ್ತಿಲಾಫೇ ಇಲ್ಲದ ವಿಷಯ ಒಂದಿದೆ. ಹೆಂಗಸರಿಗೆ ಅವರ ಮಹರ್ (ವಧುಧನ) ಸಂತೋಷದಿಂದ ಕೊಡಿ ಎಂದು ಕುರ್‌ಆನ್‌ನ 4ನೇ ಅಧ್ಯಾಯದ 4ನೇ ಆಯತ್ ಹೇಳುತ್ತದೆ. ಕೊಡಬೇಕಾದವನು ಗಂಡು. ನಮ್ಮಲ್ಲಿ ಹೆಣ್ಣಿನ ತಂದೆ ಚಿನ್ನ, ದುಡ್ಡು, ಕಾರು ಕೊಟ್ಟು ಸಾಲಗಾರನಾಗುತ್ತಾನೆ. ವರದಕ್ಷಿಣೆ ಸರಿ ಎಂದು ಯಾವ ಮದ್‌ಹಬ್‌ನ (ಪಂಥದ) ಯಾವ ಕಿತಾಬೂ ಹೇಳುವುದಿಲ್ಲ. ಇದರ ವಿರುದ್ಧ ದುಡಿದ ಖತೀಬರು, ಜಮಾಅತ್‌ಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ವರದಕ್ಷಿಣೆ ತೆಗೆದುಕೊಂಡ ಮದುವೆಗೆ ಹೋಗದೆ ಉಳಿದವರು ಕಡಿಮೆ. ಮೌಲೂದ್ ಇಟ್ಟ ಮನೆಗೆ, ಇಡದ ಮನೆಗೆ ಹೋಗದೆ ಉಳಿದವರು ಜಾಸ್ತಿ. ಎಲ್ಲರೂ ಒಪ್ಪುವ ಹರಾಮಿನ ಮುಂದೆ ಮೆತ್ತಗಾಗಿ, ಉಲಮಾಗಳೇ ಒಪ್ಪದ ವಿಷಯದಲ್ಲಿ ಬಿಗಿಯಾಗುವುದು ನನಗೆ ತುಂಬ ನೋವು ಕೊಡುತ್ತದೆ.

ಫತ್ವಾ ಅಂದರೆ ಆದೇಶ ಅಲ್ಲ, ಕೇಳಿದವನಿಗೆ ಕೊಡುವ ವಿದ್ವತ್ತಿನ ಅಭಿಪ್ರಾಯ. ತೀರ್ಪು ಕೊಡುವ ಖಾಝಿಯ ಕೆಲಸವೇ ಬೇರೆ ಎಂದು ನಮ್ಮ ಫಿಖ್ಹ್ (ಕರ್ಮಶಾಸ್ತ್ರ) ಗ್ರಂಥಗಳೇ ಹೇಳುತ್ತವೆ. 2014ರ ಜುಲೈ 7ರಂದು ಸುಪ್ರೀಂ ಕೋರ್ಟ್ ಕೂಡ ಫತ್ವಾಕ್ಕೆ ಕಾನೂನಿನ ಬಲ ಇಲ್ಲ, ಸಂಬಂಧಪಟ್ಟವರು ಕೇಳದೆ ಒಬ್ಬರ ಹಕ್ಕು, ಸ್ಥಾನಮಾನಕ್ಕೆ ತಟ್ಟುವ ಫತ್ವಾ ಕೊಡಬಾರದು ಎಂದಿತು. ಆ ದಿನ ಕೆಲವರು ಇದನ್ನು ಶರೀಅತ್‌ನ ಮೇಲಿನ ದಾಳಿ ಎಂದುಕೊಂಡರು. ನನಗೆ ಹಾಗೆ ಕಾಣಲಿಲ್ಲ. ಇಮಾಮ್ ಮಾಲಿಕ್ ತಮ್ಮ ಮುವತ್ತಾ ಗ್ರಂಥವನ್ನು ಇಡೀ ರಾಜ್ಯದ ಮೇಲೆ ಹೇರಲು ಖಲೀಫ ಮುಂದಾದಾಗ ಬೇಡ ಎಂದರು. ಸಹಾಬಿಗಳು ಬೇರೆ ಬೇರೆ ಊರಿಗೆ ಚದುರಿದ್ದಾರೆ, ಒಂದೊಂದು ಕಡೆ ಒಂದೊಂದು ಜ್ಞಾನ ಇದೆ ಎಂದರು. ಅದೇ ಮಾಲಿಕ್ ದೂರದಿಂದ ಬಂದವರ ಎಷ್ಟೋ ಪ್ರಶ್ನೆಗಳಿಗೆ ನನಗೆ ಗೊತ್ತಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ನಮ್ಮ ಉಸ್ತಾದರೊಬ್ಬರು ವೇದಿಕೆಯ ಮೇಲೆ ಹಾಗೆ ಹೇಳಿದರೆ ನಾವು ಅವರನ್ನು ಇನ್ನೂ ಜಾಸ್ತಿ ನಂಬುತ್ತೇವೆ.

ಹಾಗಾದರೆ ನಾನು ಕೇಳುತ್ತಿರುವುದೇನು? ಹರಾಮ್ ಅನ್ನುವ ಮಾತನ್ನು ಹರಾಮಿಗೇ ಉಳಿಸಿ. ಮಕ್ರೂಹ್ ಆದರೆ ಮಕ್ರೂಹ್ ಅನ್ನಿ, ನನ್ನ ಇಷ್ಟ ಅಲ್ಲ ಅಂತಾದರೆ ಅದನ್ನೇ ಹೇಳಿ. ಪ್ಯಾಂಟು ಗಿಣ್ಣಿನ ಕೆಳಗೆ ಇಳಿದ ಹುಡುಗನಿಗೆ ನರಕದ ಹದೀಸ್ ಹೇಳುವಾಗ, ಅಹಂಕಾರ ಇಲ್ಲದಿದ್ದರೆ ಮಕ್ರೂಹ್ ಎಂದು ಇಮಾಮ್ ನವವಿ ಹೇಳಿದ್ದನ್ನೂ ಹೇಳಿ. ಅವನು ಮಸೀದಿಗೆ ಮತ್ತೆ ಬರುತ್ತಾನೆ. ಭಾಷಣದ ತುಣುಕು ಕತ್ತರಿಸಿ ಹಂಚುವ ಹುಡುಗರಿಗೆ ನೀವೇ ಬೇಡ ಅನ್ನಿ, ನಿಮ್ಮ ಮಾತು ಅವರು ಕೇಳುತ್ತಾರೆ. ಇಖ್ತಿಲಾಫ್ ಇರುವ ಕಾರಣಕ್ಕೆ ನಿಕಾಹ್ ತಡೆಯುವುದು, ಮಯ್ಯಿತ್ (ಶವಸಂಸ್ಕಾರದ) ನಮಾಝ್‌ಗೆ ಹೋಗದಿರುವುದು, ಸಲಾಮ್‌ಗೆ ಉತ್ತರ ಕೊಡದಿರುವುದು ಸರಿಯಲ್ಲ ಎಂದು ಎರಡೂ ಕಡೆಯವರು ಒಂದೇ ದಿನ, ಒಂದೇ ಜುಮಾದಲ್ಲಿ ಹೇಳಿ.

ಇನ್ನೊಂದು ಆಸೆಯೂ ಇದೆ. ಬರುವ ರಬೀಉಲ್ ಅವ್ವಲ್ (ಪ್ರವಾದಿಯವರ ಜನ್ಮಮಾಸ) ಶುರುವಾಗುವ ಮೊದಲು, ಮೌಲೂದ್ ಒಪ್ಪುವ ಒಬ್ಬ ಉಸ್ತಾದರೂ ಒಪ್ಪದ ಒಬ್ಬ ಉಸ್ತಾದರೂ ಒಂದು ಸಂಜೆ ಒಟ್ಟಿಗೆ ಕೂರಲಿ. ಒಪ್ಪುವವರು ಫಾಕಿಹಾನಿಯವರ ವಾದವನ್ನು ಓದಿ ಹೇಳಲಿ, ಒಪ್ಪದವರು ಸುಯೂತಿಯವರ ವಾದವನ್ನು ಹೇಳಲಿ. ಬ್ಯಾರಿಯಲ್ಲೋ ಕನ್ನಡದಲ್ಲೋ ಹೇಳಲಿ, ಹೆಂಗಸರಿಗೂ ಕೂರಲು ಜಾಗ ಇರಲಿ. ಜಾಗ ಹುಡುಕುವುದು, ಕುರ್ಚಿ ಹಾಕುವುದು, ಚಹಾದ ಖರ್ಚು ಎಲ್ಲ ನಾವು ಕೆಲವರು ಸೇರಿ ನೋಡಿಕೊಳ್ಳುತ್ತೇವೆ. ಯಾವ ದಿನ ಆಗುತ್ತದೆ ಅಂತ ನೀವು ಹೇಳಿದರೆ ಸಾಕು.

ವಸ್ಸಲಾಂ,

ಕರಾವಳಿಯ ಒಂದು ಜಮಾಅತ್‌ನ ಸದಸ್ಯ